ಹಳೇ ಗಾಡಿಗೆ ಎಲ್‌ಇಡಿ: ಬಲ್ಬ್ ತರುವ ಮೊದಲು ಅರ್ತ್ ನೋಡಿ

ಹಿಂದಿನ ಲೈಟಿನ ಸ್ಕ್ರೂ ಬಿಚ್ಚಿ ಗ್ಲಾಸ್ ತೆಗೆಯಿರಿ. ಅಂಬಾಸಿಡರ್ ಇರಲಿ, ಪದ್ಮಿನಿ ಇರಲಿ, ತೋಟದ ಜೀಪಿರಲಿ, ಸಕಲೇಶಪುರ-ಮೂಡಿಗೆರೆ ಕಡೆ ಓಡಿದ ಗಾಡಿಯಾದರೆ ಒಳಗೆ ಕಾಣುವುದು ಸಾಮಾನ್ಯವಾಗಿ ಇಷ್ಟೇ: ಮಂಕಾದ ರಿಫ್ಲೆಕ್ಟರ್, ಹಸಿರು ಕಿಲುಬು ಹಿಡಿದ ಹೋಲ್ಡರ್, ತಳದಲ್ಲಿ ಒಂದು ಚಿಟಿಕೆ ತುಕ್ಕಿನ ಪುಡಿ. ಎಲ್‌ಇಡಿ ಹಾಕಿದ ಮೇಲೆ ಕಾಡುವ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿ. ಆದ್ದರಿಂದ ಮೊದಲ ದಿನ ಹೊಸ ಬಲ್ಬ್ ಮುಟ್ಟಬೇಡಿ.

ಹಳೇ ಬಲ್ಬ್ ಹಾಕಿಯೇ ಅರ್ತ್, ಅಂದರೆ ಕರೆಂಟ್ ಬಲ್ಬಿನಿಂದ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಪರೀಕ್ಷಿಸಿ. ಬ್ರೇಕ್ ಲೈಟ್ ಉರಿಯುತ್ತಿರುವಾಗ ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ತಂತಿಯನ್ನು ಬ್ಯಾಟರಿಯ ಮೈನಸ್‌ಗೂ ಕೆಂಪು ತಂತಿಯನ್ನು ಬಲ್ಬಿನ ಹಿತ್ತಾಳೆ ಕ್ಯಾಪಿಗೂ ಹಿಡಿಯಿರಿ. 0.2 ವೋಲ್ಟಿನೊಳಗೆ ತೋರಿಸಿದರೆ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ ಎಂದೇ ಲೆಕ್ಕ. ಇದನ್ನು ಎಲ್‌ಇಡಿ ಹಾಕಿ ನೋಡಿದರೆ ಗೊತ್ತಾಗುವುದಿಲ್ಲ. 21 ವ್ಯಾಟಿನ ಬಲ್ಬ್ 1.75 ಆಂಪ್ ಎಳೆಯುತ್ತದೆ, ಅದರ ಜಾಗದ ಎಲ್‌ಇಡಿ ಕಾಲು ಆಂಪ್‌ನ ಆಸುಪಾಸು. ಅಷ್ಟು ಕಡಿಮೆ ಕರೆಂಟಿಗೆ ಕೆಟ್ಟ ಅರ್ತ್ ಕೂಡ ಒಳ್ಳೆಯದರಂತೆ ನಟಿಸುತ್ತದೆ. ಆಮೇಲೆ ಮಳೆಗಾಲದಲ್ಲೊಂದು ದಿನ ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ: ವಾಪಸ್ ಹೋಗಲು ದಾರಿ ಸಿಗದ ಕರೆಂಟ್ ಪಕ್ಕದ ಬಲ್ಬಿನೊಳಗೆ ನುಗ್ಗಿರುತ್ತದೆ.

ರಿಪೇರಿ ಸುಲಭ, ತಾಳ್ಮೆ ಬೇಕು. ಹೋಲ್ಡರಿನ ಒಳಮೈಯನ್ನು ಎಮರಿ ಪೇಪರಿನಿಂದ ಲೋಹ ಹೊಳೆಯುವ ತನಕ ಉಜ್ಜಿ. ಪ್ರತಿ ಲೈಟಿನ ಬಾಡಿಯಿಂದ 1 ಚದರ ಮಿ.ಮೀ. ಕಪ್ಪು ವೈರ್ ಎಳೆದು, ತುದಿಗೆ ರಿಂಗ್ ಲಗ್ (ಬೋಲ್ಟಿಗೆ ಕೂರುವ ಲೋಹದ ಉಂಗುರ) ಹಾಕಿ, ಪೇಂಟ್ ಕೆರೆದ ಒಂದೇ ಬೋಲ್ಟಿಗೆ ಬಿಗಿಯಿರಿ. ಲಗ್ಗಿನ ಕೆಳಗೆ ಹಲ್ಲಿನ ವಾಷರ್, ಬಿಗಿದ ಮೇಲೆ ಮೇಲೊಂದಿಷ್ಟು ಪೆಟ್ರೋಲಿಯಂ ಜೆಲ್ಲಿ.

ಇನ್ನು ನೀರಿನ ವಿಷಯ. ಹಾಸನ ಪೇಟೆಯ ಗಾಡಿಗೆ ಇದು ಅಷ್ಟು ಮುಖ್ಯವಲ್ಲ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವ ಗಾಡಿಗೆ ಬಹಳ ಮುಖ್ಯ. ಹಳೇ ಬಲ್ಬಿನ ಬಿಸಿಗೆ ಲೈಟಿನೊಳಗಿನ ತೇವ ತಾನಾಗಿ ಆರುತ್ತಿತ್ತು. ಎಲ್‌ಇಡಿಗೆ ಆ ಬಿಸಿ ಇಲ್ಲ. ಜೂನ್‌ನಲ್ಲಿ ಒಳಗೆ ಸೇರಿದ ಹನಿ ಸೆಪ್ಟೆಂಬರ್ ತನಕ ಅಲ್ಲೇ ಕೂತಿರುತ್ತದೆ. ಗ್ಯಾಸ್ಕೆಟ್ ಹೊಸದು ಹಾಕಿ. ಕೆಳಗಿನ ನೀರಿಳಿಯುವ ತೂತನ್ನು ಮಾತ್ರ ಮುಚ್ಚಬೇಡಿ, ಮಣ್ಣು ಕಟ್ಟಿದ್ದರೆ ತಂತಿ ಹಾಕಿ ಬಿಡಿಸಿ. ಸಿಲಿಕಾನ್ ಹಚ್ಚಲೇಬೇಕೆಂದಿದ್ದರೆ ವಿನೆಗರ್ ವಾಸನೆ ಬರುವ ಟ್ಯೂಬ್ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದಿರುವುದನ್ನು ಕೇಳಿ ತೆಗೆದುಕೊಳ್ಳಿ.

ಈಗ ಬಲ್ಬ್. ಮಾಡೆಲ್ ಹೇಳಿ ತರಬೇಡಿ, ಬಿಚ್ಚಿದ ಹಳೇ ಬಲ್ಬುಗಳನ್ನು ಜೇಬಿಗೆ ಹಾಕಿಕೊಂಡು ಹೋಗಿ. ಇಂಡಿಕೇಟರಿನದು ಸಾಮಾನ್ಯವಾಗಿ ತಳದಲ್ಲಿ ಒಂದೇ ಚುಕ್ಕೆಯ ಬಿಎ15ಎಸ್. ಟೇಲ್ ಮತ್ತು ಬ್ರೇಕ್ ಒಂದೇ ಬಲ್ಬಿನಲ್ಲಿದ್ದರೆ ಎರಡು ಚುಕ್ಕೆಯ ಬಿಎವೈ15ಡಿ. ಇದರ ಪಕ್ಕದ ಎರಡು ಪಿನ್ನುಗಳು ಒಂದೇ ಎತ್ತರದಲ್ಲಿರುವುದಿಲ್ಲ, ತಿರುಗಿಸಿ ಹಾಕಬಾರದೆಂದೇ ಹಾಗೆ ಮಾಡಿರುವುದು. ಹೋಗದಿದ್ದಾಗ ಪಿನ್ ಅರೆದು ತುರುಕುವವರಿದ್ದಾರೆ. ಆಗ ಟೇಲ್ ಲೈಟ್ ಝಗಝಗಿಸಿ, ಬ್ರೇಕ್ ಲೈಟ್ ಮಂಕಾಗುತ್ತದೆ. ಪಾರ್ಕಿಂಗ್‌ಗೆ ಚಿಕ್ಕ ಬಿಎ9ಎಸ್ ಇರಬಹುದು. ನಂಬರ್ ಪ್ಲೇಟಿನಲ್ಲಿ ಎರಡು ತುದಿ ಚೂಪಾದ ಉದ್ದ ಬಲ್ಬಿದ್ದರೆ ಸ್ಕೇಲ್ ಹಿಡಿದು ಅಳೆಯಿರಿ, 36 ಮಿ.ಮೀ.ಯ ಜಾಗದಲ್ಲಿ 41ರದು ಕೂರುವುದಿಲ್ಲ.

ಬಣ್ಣದಲ್ಲಿ ಎಡವುವವರೇ ಹೆಚ್ಚು. ಕೆಂಪು ಗ್ಲಾಸಿನ ಹಿಂದೆ ಕೆಂಪು ಎಲ್‌ಇಡಿ, ಕಿತ್ತಳೆ ಗ್ಲಾಸಿನ ಹಿಂದೆ ಕಿತ್ತಳೆ. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ನೀಲಿಯ ಪಾಲು ಹೆಚ್ಚು, ಕೆಂಪಿನ ಪಾಲು ಕಡಿಮೆ. ಕೆಂಪು ಗ್ಲಾಸ್ ಅದರಲ್ಲಿ ಬಹುಪಾಲನ್ನು ನುಂಗಿ, ಉಳಿದದ್ದನ್ನು ಗುಲಾಬಿಯಂತೆ ಹೊರಗೆ ಬಿಡುತ್ತದೆ. ಒಂದೇ ಒಂದು ವಿನಾಯಿತಿ: ಕೆಲವು ಜೀಪುಗಳಲ್ಲಿ ಟೇಲ್ ಲೈಟಿನ ಪಕ್ಕಕ್ಕೊಂದು ಬಿಳಿ ಕಿಂಡಿ ಇದ್ದು, ನಂಬರ್ ಪ್ಲೇಟಿಗೆ ಬೆಳಕು ಅಲ್ಲಿಂದಲೇ ಬೀಳುತ್ತದೆ. ಅಲ್ಲಿ ಕೆಂಪು ಹಾಕಿದರೆ ನಂಬರ್ ಪ್ಲೇಟೂ ಕೆಂಪಾಗುತ್ತದೆ. ಹಳದಿ ಛಾಯೆಯ ವಾರ್ಮ್ ವೈಟ್ ಹಾಕಿ, ಹೊಳಪು ತುಸು ಕಡಿಮೆಯಾದರೂ ಪರವಾಗಿಲ್ಲ.

ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಕೊಡುವ ಚಿಪ್‌ಗಳು ತುದಿಯಲ್ಲಷ್ಟೇ ಅಲ್ಲ, ಸುತ್ತಲೂ ಇರಬೇಕು. ಹಳೇ ರಿಫ್ಲೆಕ್ಟರ್ ಬೆಳಕನ್ನು ಪಕ್ಕದಿಂದ ಹಿಡಿದು ಮುಂದಕ್ಕೆ ಎಸೆಯುವಂಥದ್ದು. ತುದಿಯಲ್ಲಿ ಮಾತ್ರ ಚಿಪ್ ಇದ್ದರೆ ಗ್ಲಾಸಿನ ನಡುವೆ ಒಂದು ಚುಕ್ಕಿ ಉರಿದು ಸುತ್ತ ಕತ್ತಲಿರುತ್ತದೆ. ಹಾಕಿದ ಮೇಲೆ ಮಟಮಟ ಮಧ್ಯಾಹ್ನ ಇಪ್ಪತ್ತೈದು ಅಡಿ ಹಿಂದೆ ನಿಂತು, ಟೇಲ್ ಆನ್ ಇಟ್ಟು ಯಾರಿಂದಲಾದರೂ ಬ್ರೇಕ್ ಒತ್ತಿಸಿ. ವ್ಯತ್ಯಾಸ ಕಣ್ಣಿಗೆ ಹೊಡೆಯದಿದ್ದರೆ ಆ ಬಲ್ಬನ್ನು ವಾಪಸ್ ಕೊಡಿ. ಬ್ರೇಕ್ ಒತ್ತಿದಾಗಲೆಲ್ಲ ಹಾಸನ ಆಕಾಶವಾಣಿಯ ಜೊತೆ ಕರಕರ ಸದ್ದೂ ಬಂದರೆ ಬಲ್ಬಿನೊಳಗಿನ ಡ್ರೈವರ್ (ಕರೆಂಟನ್ನು ಹದಕ್ಕೆ ತರುವ ಸರ್ಕ್ಯೂಟ್) ಅಗ್ಗದ್ದು ಎಂದರ್ಥ.

ಇಂಡಿಕೇಟರಿನಲ್ಲಿ ಬಲ್ಬ್ ಬದಲಿಸಿದೊಡನೆ ಟಿಕ್ ಟಿಕ್ ನಿಲ್ಲುತ್ತದೆ, ಇಲ್ಲವೇ ಹುಚ್ಚು ಹಿಡಿದಂತೆ ಓಡುತ್ತದೆ. ಇಂಡಿಕೇಟರನ್ನು ಮಿನುಗಿಸುವ ಹಳೇ ಫ್ಲ್ಯಾಶರ್ ಕೆಲಸ ಮಾಡುವುದು ಬಲ್ಬಿನ ಕರೆಂಟ್ ಹುಟ್ಟಿಸುವ ಬಿಸಿಯಿಂದ, ಎಲ್‌ಇಡಿಯಲ್ಲಿ ಅಷ್ಟು ಕರೆಂಟಿಲ್ಲ. ಕೆಲವರು ಪ್ರತಿ ಬದಿಗೆ 6 ಓಮ್, 50 ವ್ಯಾಟಿನ ರೆಸಿಸ್ಟರ್ ಕೂರಿಸುತ್ತಾರೆ. ಅದು 2 ಆಂಪಿನಷ್ಟು ಕರೆಂಟನ್ನು ಸುಮ್ಮನೆ ಬಿಸಿ ಮಾಡಿ ಕಳೆಯುತ್ತದೆ, ವೈರಿಗೆ ತಾಗಿದರೆ ಇನ್ಸುಲೇಷನ್ ಕರಗಿಸುತ್ತದೆ. ಎಲೆಕ್ಟ್ರಾನಿಕ್ ಫ್ಲ್ಯಾಶರ್ ಹಾಕುವುದೇ ಸರಿ. ಬಿ ಪಿನ್ನಿಗೆ ಸಪ್ಲೈ, ಎಲ್ ಪಿನ್ನಿಗೆ ಇಂಡಿಕೇಟರ್ ಸ್ವಿಚ್ಚಿನ ವೈರ್, ಇ ಪಿನ್ನಿಗೆ ಅರ್ತ್. ಹಳೇ ಫ್ಲ್ಯಾಶರಿನಲ್ಲೂ ಮೂರು ಪಿನ್ ಇರಬಹುದು, ಆದರೆ ಅಲ್ಲಿ ಮೂರನೆಯದು ಪಿ, ಅಂದರೆ ಡ್ಯಾಶ್‌ಬೋರ್ಡಿನ ಪೈಲಟ್ ಲ್ಯಾಂಪಿನದು. ಆ ವೈರನ್ನು ಇ ಪಿನ್ನಿಗೆ ಸಿಕ್ಕಿಸಬೇಡಿ. ಮಿನಿಟಿಗೆ 60ರಿಂದ 120 ಸಲ ಮಿನುಗಿದರೆ ಸಾಕು. ಸದ್ದು ಮಾಡುವ ಫ್ಲ್ಯಾಶರನ್ನೇ ಆರಿಸಿ, ಇಲ್ಲದಿದ್ದರೆ ಬೇಲೂರಿನಲ್ಲಿ ಹಾಕಿದ ಇಂಡಿಕೇಟರ್ ಚಿಕ್ಕಮಗಳೂರಿನ ತನಕ ಮಿನುಗುತ್ತಲೇ ಇರುತ್ತದೆ.

ಇಷ್ಟಾದರೂ ಎಡಕ್ಕೆ ಹಾಕಿದರೆ ನಾಲ್ಕೂ ಮಿನುಗುವ ಗಾಡಿಗಳಿವೆ. ಎಡ-ಬಲ ಎರಡಕ್ಕೂ ಒಂದೇ ಪೈಲಟ್ ಲ್ಯಾಂಪ್ ಇದ್ದು, ಅದನ್ನು ಎರಡು ಬದಿಯ ವೈರುಗಳ ನಡುವೆ ಕಟ್ಟಿದ್ದರೆ ಹೀಗಾಗುತ್ತದೆ. ಎಡದ ಕರೆಂಟ್ ಪೈಲಟ್ ದಾಟಿ ಬಲದ ಬಲ್ಬುಗಳ ಮೂಲಕ ಅರ್ತ್ ಸೇರುತ್ತದೆ. 2 ವ್ಯಾಟಿನ ಪೈಲಟ್ ಬಿಡುವುದು 0.17 ಆಂಪ್, ಹಳೇ ಬಲ್ಬಿಗೆ ಅದು ಲೆಕ್ಕಕ್ಕಿಲ್ಲ, ಎಲ್‌ಇಡಿ ಬೆಳಗಲು ಅಷ್ಟು ಸಾಕು. ಇದಕ್ಕೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಎರಡು 1ಎನ್4007 ಡಯೋಡ್ ಬೇಕು. ಪೈಲಟ್‌ನ ಎರಡೂ ವೈರ್ ಬಿಡಿಸಿ. ಎಡದ ವೈರಿಗೊಂದು, ಬಲದ ವೈರಿಗೊಂದು ಡಯೋಡ್ ಬೆಸೆದು, ಬೆಳ್ಳಿ ಗೀಟಿರುವ ತುದಿಗಳೆರಡನ್ನೂ ಸೇರಿಸಿ ಪೈಲಟ್‌ನ ಒಂದು ಕಡೆಗೆ ಕೊಡಿ. ಪೈಲಟ್‌ನ ಇನ್ನೊಂದು ಕಡೆ ಅರ್ತಿಗೆ. ಬೆಸುಗೆಯ ಮೇಲೆ ಹೀಟ್ ಶ್ರಿಂಕ್ ಟ್ಯೂಬ್ ಮರೆಯಬೇಡಿ. ಚಾರ್ಜಿಂಗ್ ತೋರಿಸುವ ಕೆಂಪು ಲ್ಯಾಂಪಿಗೆ ಮಾತ್ರ ಎಲ್‌ಇಡಿ ಹಾಕಬೇಡಿ. ಅನೇಕ ಆಲ್ಟರ್ನೇಟರುಗಳು ಚಾರ್ಜ್ ಮಾಡಲು ಶುರುಮಾಡುವುದು ಆ ಬಲ್ಬಿನ ಮೂಲಕ ಬರುವ ಕರೆಂಟಿನಿಂದ.

ಮೇಲೆ ಹೇಳಿದ್ದೆಲ್ಲ 12 ವೋಲ್ಟಿನ, ಮೈನಸ್ ಅರ್ತಿನ ಗಾಡಿಗೆ. ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗಿದ್ದರೆ ಅದು ಪಾಸಿಟಿವ್ ಅರ್ತ್, ಬ್ರಿಟಿಷ್ ಮೂಲದ ಹಳೇ ಗಾಡಿಗಳಲ್ಲಿ ಉಂಟು. ಅದಕ್ಕೆ ಎತ್ತ ಹಾಕಿದರೂ ಉರಿಯುವ ನಾನ್-ಪೋಲಾರಿಟಿ ಎಲ್‌ಇಡಿ ಬೇಕು, ಡಯೋಡ್‌ಗಳು ತಿರುಗುಮುರುಗಾಗಬೇಕು. ಮೂರು ಪಿನ್ನಿನ ಮಾಮೂಲಿ ಎಲೆಕ್ಟ್ರಾನಿಕ್ ಫ್ಲ್ಯಾಶರ್ ಅಲ್ಲಿ ಸುಟ್ಟೇ ಹೋದೀತು. 6 ವೋಲ್ಟಿನ ಹಳೇ ವಿಲ್ಲೀಸ್‌ಗೆ ಈ ಬಲ್ಬುಗಳು ಆಗುವುದಿಲ್ಲ.

ಹೆಡ್‌ಲೈಟಿಗೆ ನಮ್ಮ ಸಲಹೆ ಬೇರೆ. ಹ್ಯಾಲೊಜೆನ್ ಡೂಮಿನೊಳಗೆ (ಹೆಡ್‌ಲೈಟಿನ ಗ್ಲಾಸ್, ರಿಫ್ಲೆಕ್ಟರ್ ಸೇರಿದ ಭಾಗ) ಎಲ್‌ಇಡಿ ಬಲ್ಬ್ ತುರುಕಬೇಡಿ. ಫಿಲಮೆಂಟಿನ ಜಾಗದಲ್ಲೇ ಚಿಪ್ ಕೂರದೆ ಬೆಳಕು ಚೆದುರುತ್ತದೆ, ಎದುರಿನವನ ಕಣ್ಣು ಕುಕ್ಕುತ್ತದೆ, ಮಂಜಿನಲ್ಲಿ ನಿಮ್ಮ ಮುಂದೆಯೇ ಬಿಳಿ ಗೋಡೆ ಎಬ್ಬಿಸುತ್ತದೆ. ಕಾಯ್ದೆಯ ತಕರಾರೂ ಇದೆ: ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಗಾಡಿಯ ಮಾರ್ಪಾಟಿಗೆ ಕಡಿವಾಣ ಹಾಕುತ್ತದೆ. 60/55 ವ್ಯಾಟಿನ ಎಚ್4 ಹ್ಯಾಲೊಜೆನ್ ಬಲ್ಬ್ ಉಳಿಸಿಕೊಂಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಹಾಕಿದರೇ ಬೆಳಕು ಎಷ್ಟೋ ಸುಧಾರಿಸುತ್ತದೆ. ಎರಡು ಹೈ ಬೀಮ್ ಸೇರಿದರೆ 10 ಆಂಪ್. ಅಷ್ಟನ್ನೂ ಹಳೇ ಸ್ವಿಚ್ಚಿನ ಮೂಲಕ ಎಳೆದರೆ ವೋಲ್ಟೇಜ್ ದಾರಿಯಲ್ಲೇ ಸೋರುತ್ತದೆ. 30 ಆಂಪಿನ ಎರಡು ರಿಲೇ, ಹೈಗೊಂದು ಲೋಗೊಂದು. 30ನೇ ಪಿನ್ನಿಗೆ ಬ್ಯಾಟರಿಯಿಂದ 15 ಆಂಪ್ ಫ್ಯೂಸ್ ದಾಟಿದ 2.5 ಚದರ ಮಿ.ಮೀ. ವೈರ್, 87ರಿಂದ ಬಲ್ಬಿಗೆ, 86ಕ್ಕೆ ಡಿಪ್ಪರ್ ಸ್ವಿಚ್ಚಿನ ಹಳೇ ವೈರ್, 85 ಅರ್ತಿಗೆ.

ಏಳು ಇಂಚಿನ ಪೂರ್ತಿ ಎಲ್‌ಇಡಿ ಡೂಮನ್ನೇ ಹಾಕುವ ಹಟವಿದ್ದರೆ ಲೋ ಬೀಮನ್ನು ಗೋಡೆಗೆ ಬಿಟ್ಟು ನೋಡಿ, ಆಮೇಲೆ ಕೊಳ್ಳಿ. ಬೆಳಕಿನ ಮೇಲಂಚು ಎಡಕ್ಕೆ ಏರಿರಬೇಕು. ಅಮೆರಿಕದ ಜೀಪುಗಳಿಗೆಂದು ಮಾಡಿದವು ಬಲಕ್ಕೆ ಏರುತ್ತವೆ, ಅಂದರೆ ನೇರ ಎದುರಿನವನ ಕಣ್ಣಿಗೆ. ಡೂಮ್ ಯಾವುದೇ ಆಗಲಿ, ಸಮತಟ್ಟು ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ, ಮೇಲಂಚು ಡೂಮಿನ ನಡುಮಟ್ಟಕ್ಕಿಂತ 5 ಸೆಂ.ಮೀ. ಕೆಳಗೆ ಬೀಳುವಂತೆ ಸ್ಕ್ರೂ ತಿರುಗಿಸಿ. ಸುಗ್ಗಿಯಲ್ಲಿ ಕಾಫಿ ಮೂಟೆ ಹೊರುವ ಜೀಪಾದರೆ ಮೂಟೆ ಹೇರಿಕೊಂಡೇ ಅಳೆಯಿರಿ. ಹಿಂದಿನ ಸ್ಪ್ರಿಂಗ್ ಪಟ್ಟೆ ಬಗ್ಗಿದಷ್ಟೂ ಮುಂದಿನ ಬೆಳಕು ಮೇಲೇರುತ್ತದೆ.