ಜೈಂಟ್ ವೀಲ್ ಹತ್ತುವ ಮೊದಲು ಏನೇನು ನೋಡುತ್ತಾರೆ?

ಹಾಸನಾಂಬೆಯ ಬಾಗಿಲು ತೆರೆಯುವ ದಿನ ಹತ್ತಿರ ಬಂತೆಂದರೆ ಹಾಸನದ ಮಕ್ಕಳಿಗೆ ಜೈಂಟ್ ವೀಲ್, ದೋಣಿಯಂತೆ ತೂಗುವ ಕೊಲಂಬಸ್‌ದೇ ಮಾತು. ಲಾರಿಯಲ್ಲಿ ಬಂದ ಕಬ್ಬಿಣ ನೋಡನೋಡುತ್ತಲೇ ಎದ್ದು ನಿಲ್ಲುತ್ತದೆ. ಇವನ್ನು ಊರೂರಲ್ಲಿ ಬಿಚ್ಚಿ ಕಟ್ಟುತ್ತಾರೆ, ಹಾಗಾಗಿ ಪ್ರತಿ ಊರಲ್ಲೂ ಹೊಸದಾಗಿ ತಪಾಸಣೆ ಆಗಲೇಬೇಕು.

ಮೊದಲು ನೆಲ. ಆಶ್ವಯುಜದಲ್ಲಿ ನಮ್ಮ ಕಡೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಗಟ್ಟಿ ಕಾಣುವ ಮೈದಾನ ಒಂದೇ ರಾತ್ರಿಗೆ ಮೆತ್ತಗಾಗುತ್ತದೆ. ಕಾಲುಗಳ ಕೆಳಗಿನ ಮರದ ದಿಮ್ಮಿ ಕುಸಿದಿದೆಯಾ ನೋಡಿ, ರಸಮಟ್ಟ ಇಟ್ಟು ಪರೀಕ್ಷಿಸಬೇಕು. ಮಳೆ ಬಂದರೆ ಮತ್ತೆ ನೋಡಬೇಕು.

ಆಮೇಲೆ ನಟ್ಟು ಬೋಲ್ಟು. ಬಿಗಿ ಮಾಡಿದ ಮೇಲೆ ನಟ್ಟಿನಿಂದ ಬೋಲ್ಟಿನವರೆಗೆ ಬಣ್ಣದ ಗೆರೆ ಎಳೆಯುತ್ತಾರೆ. ನಟ್ಟು ಸ್ವಲ್ಪ ಸಡಿಲವಾದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ.

ವೆಲ್ಡಿಂಗ್ ಬಿರುಕೇ ಹೆಚ್ಚು ಅಪಾಯ, ಏಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೊಂದು ಸರಳ ಪರೀಕ್ಷೆ ಇದೆ. ಬಣ್ಣ, ಗ್ರೀಸ್ ತೆಗೆದು ಜಾಗ ಚೊಕ್ಕ ಮಾಡಿ, ಕೆಂಪು ದ್ರವ ಹಚ್ಚುತ್ತಾರೆ. ಬಿರುಕಿದ್ದರೆ ಅದು ಒಳಗಿಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಬಿರುಕಿನಿಂದ ಕೆಂಪು ಮೇಲೆದ್ದು ಕೂದಲಿನಂಥ ಗೆರೆ ಮೂಡುತ್ತದೆ. ಗೆರೆ ಕಂಡರೆ ಆಟ ನಿಲ್ಲಬೇಕು. 2019ರ ಜುಲೈನಲ್ಲಿ ಅಹಮದಾಬಾದಿನ ಕಂಕರಿಯಾದಲ್ಲಿ ಪೆಂಡುಲಮ್ ಆಟ ಮುರಿದು ಬಿದ್ದು ಇಬ್ಬರು ಸತ್ತರು. ಕಬ್ಬಿಣ ಅಲ್ವಾ, ಏನಾಗುತ್ತೆ ಅಂದುಕೊಳ್ಳಬಾರದು.

ಸೀಟಿನ ಬಾರ್ ಎಳೆದು ನೋಡಬೇಕು, ಅದನ್ನು ಹಿಡಿದಿಡುವ ಪಿನ್ನಿಗೆ ಕ್ಲಿಪ್ ಇರಬೇಕು. ಒಂದು ಜಾತ್ರೆಯಲ್ಲಿ ನನ್ನ ಮಗಳನ್ನು ಕೂರಿಸುವಾಗ ನೋಡಿದೆ, ಪಿನ್ನಿನ ಜಾಗದಲ್ಲಿ ಬೈಂಡಿಂಗ್ ತಂತಿ ಸುತ್ತಿತ್ತು. ಅವಳು ಅಳುತ್ತಿದ್ದರೂ ಇಳಿಸಿಕೊಂಡು ಬಂದೆ.

ಕಟ್ಟಿ ಮುಗಿದ ಮೇಲೆ ಮರಳಿನ ಮೂಟೆ ಕೂರಿಸಿ ಓಡಿಸಿ, ತುರ್ತು ಬಟನ್ ಒತ್ತಿ ನಿಲ್ಲಿಸಿ ನೋಡುತ್ತಾರೆ. ಇನ್ನು ದಿನಾ ಜನ ಹತ್ತುವ ಮೊದಲು ಖಾಲಿ ಸುತ್ತು ಕಡ್ಡಾಯ. ಆಗ ಕಿವಿಯೂ ಕೆಲಸ ಮಾಡಬೇಕು, ಬೇರಿಂಗ್ ಹೋಗಿದ್ದರೆ ಕರಕರ ಸದ್ದು ಬರುತ್ತದೆ. ಜನರೇಟರಿನಿಂದ ಕರೆಂಟ್ ಬರುವುದರಿಂದ ಅರ್ಥಿಂಗ್ ಸರಿಯಿದೆಯಾ ಅಂತಲೂ ನೋಡಬೇಕು. ಗಾಳಿ ಜೋರಾದರೆ ವೀಲ್ ನಿಲ್ಲಿಸಲೇಬೇಕು.

ನೀವು ಸರದಿಯಲ್ಲಿ ನಿಂತಾಗ ಸುಮ್ನೆ ಇರಬೇಡಿ, ಜನರನ್ನು ಹತ್ತಿಸುವುದನ್ನು ನೋಡಿ. ಒಂದು ತೊಟ್ಟಿಲು ತುಂಬಿದ ಮೇಲೆ ಎದುರಿನ ತೊಟ್ಟಿಲು ಕೆಳಗೆ ತಂದು ತುಂಬಿಸಬೇಕು. ಒಂದೇ ಕಡೆ ಭಾರ ಹಾಕುತ್ತಿದ್ದರೆ ಟಿಕೆಟ್ ವಾಪಸ್ ಕೊಟ್ಟುಬಿಡಿ.