ಒಂದೇ ದಿನದಲ್ಲಿ ಜಿನೋವಾ: ಮೊದಲು ಏರಿ, ಆಮೇಲೆ ಕಡಲಿನತ್ತ ಇಳಿಯಿರಿ

ಇಟಲಿಯ ವಾಯವ್ಯ ಕರಾವಳಿಯ ಜಿನೋವಾ ನಗರಕ್ಕೆ ಬೆನ್ನ ಹಿಂದೆ ಬೆಟ್ಟ, ಎದುರಿಗೆ ಕಡಲು. ನಡುವೆ ಉಳಿದ ಇಕ್ಕಟ್ಟಿನಲ್ಲಿ ಮನೆಗಳು ಒಂದರ ಹೆಗಲ ಮೇಲೊಂದು ಏರಿ ಕುಳಿತಿವೆ. ಬೆಳಗ್ಗೆ ಬಂದರು ನೋಡಿ ಸಂಜೆ ದಣಿದ ಕಾಲಿನಲ್ಲಿ ಏರು ಹತ್ತುವುದಕ್ಕಿಂತ, ಮೊದಲೇ ಎತ್ತರಕ್ಕೆ ಹೋಗಿ ದಿನವೆಲ್ಲ ಕಡಲಿನತ್ತ ಇಳಿಯುತ್ತ ಬರುವುದು ಮೇಲು. ಮಿಲಾನ್‌ನಿಂದ ರೈಲಿನಲ್ಲಿ ಒಂದೂವರೆಯಿಂದ ಎರಡು ಗಂಟೆಯ ದಾರಿಯಾದ್ದರಿಂದ, ಓದಿಗೋ ಕೆಲಸಕ್ಕೋ ಅಲ್ಲಿ ನೆಲೆಸಿರುವ ಕನ್ನಡಿಗರು ಬೆಳಗ್ಗೆ ಹೊರಟು ರಾತ್ರಿ ಮರಳಬಹುದು. ಸೋಮವಾರ ಮಾತ್ರ ಬೇಡ. ಅಂದು ಅರಮನೆಗಳ ಮ್ಯೂಸಿಯಂಗಳಿಗೆ ರಜೆ.

ಮೊದಲಿಗೆ ಪಿಯಾಝಾ ಪ್ರಿಂಚಿಪೆ ನಿಲ್ದಾಣದಲ್ಲಿ ಇಳಿಯಿರಿ. ಹೊರಗೆ ಕೊಲಂಬಸ್‌ನ ಪ್ರತಿಮೆ ಕಾಣುತ್ತದೆ. ಅಲ್ಲಿಂದ ವಿಯಾ ಬಾಲ್ಬಿ ಎಂಬ ರಸ್ತೆ ಹಿಡಿದು, ವಿಶ್ವವಿದ್ಯಾಲಯದ ಕಟ್ಟಡಗಳನ್ನೂ, ಗಣರಾಜ್ಯ ಅಳಿದ ಮೇಲೆ ರಾಜರ ಪಾಲಾದ ಅರಮನೆಯನ್ನೂ ದಾಟಿ, ನೇರವಾಗಿ ವಿಯಾ ಗರಿಬಾಲ್ಡಿಗೆ ನಡೆಯಿರಿ. ದಾರಿಯಲ್ಲಿ ಕಾಫಿ ಕುಡಿಯುವುದಾದರೆ ಅಲ್ಲಿಯವರಂತೆ ಕಟ್ಟೆಗೆ ಒರಗಿ ನಿಂತೇ ಕುಡಿಯಿರಿ. ಕುರ್ಚಿಯಲ್ಲಿ ಕುಳಿತರೆ ಅದೇ ಕಾಫಿಗೆ ಹೆಚ್ಚು ದುಡ್ಡು ಕೊಡಬೇಕಾಗುವುದುಂಟು.

ವಿಯಾ ಗರಿಬಾಲ್ಡಿಗೆ ಎರಡು ಗಂಟೆಯನ್ನಾದರೂ ಮೀಸಲಿಡಿ. ಸುಮಾರು 250 ಮೀಟರ್ ಉದ್ದದ ಈ ಕಿರಿದಾದ ಬೀದಿಯ ಎರಡೂ ಬದಿಯಲ್ಲಿ ಜಿನೋವಾದ ಸಿರಿವಂತ ಮನೆತನಗಳು 16ನೇ ಶತಮಾನದಿಂದ ಅರಮನೆಗಳನ್ನು ಕಟ್ಟಿಸಿದವು. ಗಣರಾಜ್ಯವಾಗಿದ್ದ ಜಿನೋವಾಕ್ಕೆ ರಾಜನೂ ಇರಲಿಲ್ಲ, ಪರದೇಶದ ಗಣ್ಯರನ್ನು ಇಳಿಸಿಕೊಳ್ಳಲು ರಾಜನ ಅರಮನೆಯೂ ಇರಲಿಲ್ಲ. ಆದ್ದರಿಂದ 1576ರಿಂದ ಯೋಗ್ಯವಾದ ಮನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಬಂದ ಅತಿಥಿಯ ಅಂತಸ್ತಿಗೆ ತಕ್ಕ ಮನೆಯನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಈ ಪಟ್ಟಿಗಳಿಗೆ ‘ರೊಲ್ಲಿ’ ಎಂದು ಹೆಸರು. ಇಂತಹ 42 ಅರಮನೆಗಳು 2006ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನೆಂಟರ ಖರ್ಚನ್ನು ಊರಿನ ಶ್ರೀಮಂತರ ಮೇಲೆ ಹೊರಿಸುವ ಈ ಉಪಾಯ ವ್ಯಾಪಾರಿಗಳ ಊರಿಗೆ ಒಪ್ಪುವಂಥದ್ದೇ. ಸಮಯ ಕಡಿಮೆಯಿದ್ದರೆ ಪಲಾಝೊ ರೊಸ್ಸೊ ಒಂದನ್ನೇ ಸಾವಧಾನವಾಗಿ ನೋಡಿ. ಸಂಗೀತಪ್ರಿಯರು ಎದುರು ಸಾಲಿನ ದೋರಿಯಾ ತುರ್ಸಿಯನ್ನು ಬಿಡಬಾರದು. ಇದೇ ಊರಿನಲ್ಲಿ ಹುಟ್ಟಿದ ಪಗನಿನಿ ನುಡಿಸುತ್ತಿದ್ದ, 1743ರಲ್ಲಿ ತಯಾರಾದ ಪಿಟೀಲು ಈ ಅರಮನೆಯದು.

ಬೀದಿಯ ಕೊನೆಗೆ, ಸಮೀಪದ ಪೊರ್ಟೆಲ್ಲೊ ಚೌಕದಲ್ಲಿ ಸುರಂಗದಂತಹ ದಾರಿಯೊಂದು ಬೆಟ್ಟದೊಳಕ್ಕೆ ಹೋಗುತ್ತದೆ. ಅದರ ತುದಿಯಲ್ಲಿರುವ ಲಿಫ್ಟ್ ಕಾಸ್ತೆಲ್ಲೆತ್ತೊ ಎಂಬ ಮೇಲಿನ ಬಡಾವಣೆಗೆ ಒಯ್ಯುತ್ತದೆ. ಮೇಲೆ ನಿಂತು ನೋಡಿದಾಗ ಬೂದುಬಣ್ಣದ ಕಲ್ಲುಹಲಗೆಯ ಮಾಡುಗಳು, ಗಂಟೆಗೋಪುರಗಳು, ಬಂದರಿನ ಕ್ರೇನುಗಳು, ಅವುಗಳಾಚೆ 1543ರಲ್ಲಿ ಮರುನಿರ್ಮಾಣಗೊಂಡ 77 ಮೀಟರ್ ಎತ್ತರದ ದೀಪಸ್ತಂಭ ‘ಲಾಂತೆರ್ನಾ’ ಕಾಣುತ್ತವೆ. ಮುಂದಿನ ದಾರಿಯನ್ನು ಇಲ್ಲಿಂದಲೇ ಗುರುತಿಸಿಕೊಳ್ಳಿ. ಕೆಳಗಿನ ಓಣಿಗಳಿಗೆ ಇಳಿದ ಮೇಲೆ ಆಕಾಶವೇ ಒಂದು ಗೀರಿನಷ್ಟು ಉಳಿಯುತ್ತದೆ. ಇಳಿಯುವಾಗ ಲಿಫ್ಟ್ ಬೇಡ. ನಡುವೆ ಇಟ್ಟಿಗೆ, ಅಂಚಿಗೆ ಕಲ್ಲು ಹಾಸಿದ ಹಳೆಯ ಇಳಿಜಾರು ದಾರಿಯಲ್ಲಿ ಕಾಲಿಟ್ಟರೆ ನಗರದ ಜಾಯಮಾನ ಮಂಡಿಗೇ ತಿಳಿಯುತ್ತದೆ. ಮಳೆ ಬಂದಿದ್ದರೆ ಈ ಇಟ್ಟಿಗೆ ಜಾರುತ್ತದೆ, ಜೋಕೆ.

ದೊಡ್ಡ ಕಾರಂಜಿಯ ದೆ ಫೆರ್ರಾರಿ ಚೌಕವನ್ನು ಹಾದು ಪೊರ್ತಾ ಸೊಪ್ರಾನಾ ಎಂಬ ಜೋಡಿ ಬುರುಜಿನ ಕೋಟೆಬಾಗಿಲಿಗೆ ಬನ್ನಿ. ಚಕ್ರವರ್ತಿ ಬಾರ್ಬರೊಸ್ಸಾನ ಭಯದಿಂದ 1155ರಲ್ಲಿ ಕಟ್ಟಲು ತೊಡಗಿದ ಗೋಡೆಯ ಭಾಗ ಇದು. ಪಕ್ಕದ ‘ಕೊಲಂಬಸ್‌ನ ಮನೆ’ಗೆ ಹೆಚ್ಚು ಹೊತ್ತು ಬೇಕಿಲ್ಲ, 1684ರ ಫ್ರೆಂಚ್ ಫಿರಂಗಿ ದಾಳಿಯ ನಂತರ ಮತ್ತೆ ಕಟ್ಟಿದ ಮನೆ ಅದು.

ಮಧ್ಯಾಹ್ನ ಅನೇಕ ಚರ್ಚುಗಳು ಬಾಗಿಲು ಹಾಕುವುದರಿಂದ ಅದೇ ಹೊತ್ತಿಗೆ ಊಟ ಮುಗಿಸಿಕೊಳ್ಳಿ. ‘ಕರುಜ್ಜಿ’ ಎನ್ನುವ ಓಣಿಗಳಲ್ಲಿ ಅಂಗಡಿ ಹುಡುಕುವವರಿಗೆ ಒಂದು ಮಾತು: ಇಲ್ಲಿ ಮನೆಗಳಿಗೆ ಕಪ್ಪು ಅಂಕಿ, ಅಂಗಡಿಗಳಿಗೆ ಕೆಂಪು ಅಂಕಿ, ಎರಡರದೂ ಬೇರೆ ಬೇರೆ ಎಣಿಕೆ. ಇದನ್ನರಿಯದೆ ನಾನು ಯಾರದೋ ಮನೆಯ ಕರೆಗಂಟೆ ಒತ್ತಿ ಊಟ ಕೇಳುವುದೊಂದು ಬಾಕಿಯಿತ್ತು. ತಿನ್ನಬೇಕಾದದ್ದು ಫರಿನಾಟಾ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಇಷ್ಟನ್ನೇ ಕದಡಿ, ಕೆಲವು ಗಂಟೆ ಬಿಟ್ಟು, ಬಂಡಿಚಕ್ರದಷ್ಟು ಅಗಲದ ತಾಮ್ರದ ತಟ್ಟೆಗೆ ಸುರಿದು ಸೌದೆ ಒಲೆಯಲ್ಲಿ ಬೇಯಿಸುತ್ತಾರೆ. ಅಂಚು ಗರಿಗರಿ, ಒಳಗೆ ಮೆದು. ಮೇಲೆ ಕಾಳುಮೆಣಸಿನ ಪುಡಿ ಉದುರಿಸಿಕೊಂಡರೆ ನಮ್ಮ ನಾಲಿಗೆಗೆ ಹೊಸದೆನಿಸುವುದಿಲ್ಲ. ಕೆಲವೊಮ್ಮೆ ಮರಿಮೀನು ಸೇರಿಸುವುದುಂಟು, ಸಸ್ಯಾಹಾರಿಗಳು ಬರಿಯದನ್ನು ಕೇಳಬೇಕು. ಊರಿನ ಹೆಸರಾಂತ ಪೆಸ್ತೊ ಚಟ್ನಿಯಂತೆ ಕಂಡರೂ ಅದರಲ್ಲಿ ಚೀಸ್ ಇರುತ್ತದೆ. ಅದಕ್ಕೆ ಹಾಕುವ ಪಾರ್ಮಿಜಾನೊ ಚೀಸಿಗೆ ಹಾಲು ಒಡೆಯಲು ಕರುವಿನ ಜಠರದ ರೆನೆಟ್ ಬಳಸುತ್ತಾರೆಂಬುದನ್ನು ಕಟ್ಟುನಿಟ್ಟಿನವರು ಗಮನಿಸಬೇಕು.

ಊಟದ ನಂತರ ಕಪ್ಪುಬಿಳಿ ಪಟ್ಟೆಗಳ ಸಾನ್ ಲೊರೆಂಜೊ ಕೆಥೆಡ್ರಲ್‌ಗೆ ಹೋಗಿ. ಭುಜ ಮುಚ್ಚುವ ಬಟ್ಟೆಯಿರಲಿ. ಒಳಗೆ ಬಲಬದಿಯಲ್ಲಿ ಆಳೆತ್ತರಕ್ಕೆ ಸಮೀಪದ ಗುಂಡೊಂದು ನಿಂತಿದೆ. 1941ರ ಫೆಬ್ರುವರಿ 9ರಂದು ಬ್ರಿಟಿಷ್ ಯುದ್ಧನೌಕೆ ಹಾರಿಸಿದ ಆ ಗುಂಡು ಗೋಡೆ ಸೀಳಿ ಒಳಬಂದರೂ ಸಿಡಿಯಲಿಲ್ಲ.

ಇಲ್ಲಿಂದ ಬೀದಿ ತಾನಾಗಿ ಬಂದರಿಗೆ ಇಳಿಯುತ್ತದೆ. ಎದುರಾಗುವ ಪಲಾಝೊ ಸಾನ್ ಜೋರ್ಜೊ 1260ರ ಕಟ್ಟಡ. 1298ರಲ್ಲಿ ಸೆರೆಸಿಕ್ಕ ಮಾರ್ಕೊ ಪೋಲೊ ತನ್ನ ಪ್ರವಾಸಕಥನವನ್ನು ಸಹಕೈದಿಗೆ ಹೇಳಿ ಬರೆಸಿದ್ದು ಇಲ್ಲಿಯೇ ಎಂಬ ಪ್ರತೀತಿಯಿದೆ. ಅದರ ಮುಂದೆಯೇ 1960ರ ದಶಕದ ಮೇಲ್ಸೇತುವೆ ರಸ್ತೆ ಊರಿಗೂ ಕಡಲಿಗೂ ನಡುವೆ ಅಡ್ಡಗೆರೆ ಎಳೆದಿದೆ, ನನ್ನ ಕಣ್ಣಿಗಂತೂ ಅದು ಚುಚ್ಚಿತು. ಅದರಡಿ ದಾಟಿದರೆ, ಕೊಲಂಬಸ್ ಯಾನದ 500ನೇ ವರ್ಷಕ್ಕೆಂದು 1992ರಲ್ಲಿ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಹೊಸರೂಪ ಕೊಟ್ಟ ಹಳೆಯ ಬಂದರು. ಅಕ್ವೇರಿಯಂ ಕೂಡ ಇಲ್ಲಿಯೇ ಇದೆ, ಆದರೆ ಅದಕ್ಕೆ ಅರ್ಧ ದಿನ ಬೇಕಾದ್ದರಿಂದ ಈ ಸಲ ಬಿಡಿ.

ಲಾಂತೆರ್ನಾದ ದೀಪ ಹೊತ್ತುವವರೆಗೆ ನೀರಿನಂಚಿನಲ್ಲಿ ಕುಳಿತು, ರೈಲಿಗೆ ಅರ್ಧ ಗಂಟೆ ಇರುವಾಗ ಏಳಿ. ಬಂದರಿನ ಅಂಚಿನ ಅಗಲವಾದ ವಿಯಾ ಗ್ರಾಮ್ಶಿ ರಸ್ತೆಯಲ್ಲಿ ಪ್ರಿಂಚಿಪೆ ನಿಲ್ದಾಣ ಸುಮಾರು ಇಪ್ಪತ್ತು ನಿಮಿಷದ ನಡಿಗೆ. ಕತ್ತಲಾದ ಮೇಲೆ ಓಣಿಗಳಿಗಿಂತ ಈ ದಾರಿಯೇ ಲೇಸು.