ಮೊದಲು ಕಿವಿಗೆ, ಆಮೇಲೆ ಕೈಗೆ: ಅಕ್ಷರದ ಸದ್ದು ಕಲಿಸುವ ಆಟಗಳು

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕನ್ನಡ ಶಾಲೆಗಳಿಗೆ ಬರುವ ಎಷ್ಟೋ ಮಕ್ಕಳ ಮನೆಮಾತು ತುಳು, ಮಲಯಾಳ, ಬ್ಯಾರಿ, ಕೊಂಕಣಿ ಅಥವಾ ಮರಾಠಿ. ಮೊದಲ ದಿನವೇ ಸ್ಲೇಟು ಕೊಟ್ಟು ಅ, ಆ ತಿದ್ದಿಸಬೇಡಿ. ಮೊದಲು ಕಿವಿಗೆ ಕೆಲಸ ಕೊಡಿ.

ಚಪ್ಪಾಳೆಯಿಂದ ಶುರು ಮಾಡಿ. ಒಂದು ಅಕ್ಷರಕ್ಕೆ ಒಂದು ಚಪ್ಪಾಳೆ. ಮರಕ್ಕೆ ಎರಡು, ಗರಗಸಕ್ಕೆ ನಾಲ್ಕು. ಇದು ರೂಢಿಯಾದ ಮೇಲೆ ‘ಪಕಾರದ ಸದ್ದಿನಿಂದ ಶುರುವಾಗುವ ಮಾತು ಹೇಳು’ ಎನ್ನಿ. ತುಳು ಮನೆಯ ಮಗು ಪುಚ್ಚೆ (ಬೆಕ್ಕು), ಪಿಲಿ (ಹುಲಿ) ಎನ್ನುತ್ತದೆ. ಮಲಯಾಳ ಮನೆಯ ಮಗು ಬೆಕ್ಕಿಗೆ ಪೂಚ ಎನ್ನುತ್ತದೆ. ಎರಡೂ ಸರಿ. ‘ಹಾಗಲ್ಲ, ಬೆಕ್ಕು ಅನ್ನು’ ಎಂದು ತಿದ್ದಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಈಗ ಹುಡುಕುತ್ತಿರುವುದು ಸದ್ದನ್ನು ಮಾತ್ರ, ಅಲ್ವಾ? ಬೆಕ್ಕು ನಾಳೆ ಬಕಾರದ ಜೊತೆ ಬರಲಿ.

ಸದ್ದಿನ ವ್ಯತ್ಯಾಸ ಕೈಗೂ ಕಣ್ಣಿಗೂ ಸಿಗುತ್ತದೆ. ಬಾಯಿಯ ಮುಂದೆ ಅಂಗೈ ಹಿಡಿದು ಕ, ಖ ಹೇಳಿಸಿ. ಖಕಾರಕ್ಕೆ ಉಸಿರು ಜೋರಾಗಿ ತಾಗುತ್ತದೆ. ಕನ್ನಡಿ ಮುಂದೆ ಕಲೆ, ಕಳೆ ಹೇಳಿಸಿ. ಳಕಾರಕ್ಕೆ ನಾಲಿಗೆ ಮೇಲಕ್ಕೆ ಮಡಚುವುದನ್ನು ಮಗುವೇ ನೋಡಲಿ.

ಬರೆಸುವಾಗ ವರ್ಣಮಾಲೆಯ ಕ್ರಮವನ್ನೇ ಹಿಡಿಯಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಆಟವಾಡುತ್ತ ಕಲಿಸುವ ನಲಿಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಮೊದಲು ಬರುತ್ತವೆ. ಇದು ನನಗೆ ತುಂಬ ಇಷ್ಟವಾದ ಕ್ರಮ. ಐದೇ ಅಕ್ಷರ ಕಲಿತರೂ ಸರ, ರಸ, ಅರಸ, ಅಗಸ, ಗರಗಸ ಓದಬಹುದು. ಓದಿದೆ ಎಂಬ ಖುಷಿ ಮೊದಲ ವಾರಗಳಲ್ಲೇ ಸಿಗಬೇಕು.

ವಿಜಯದಶಮಿಯಂದು ಬರೆಸುವ ಹಾಗೆ ತಟ್ಟೆಯಲ್ಲಿ ಅಕ್ಕಿ ಹರಡಿ, ಬೆರಳಲ್ಲಿ ಬರೆಸಿ. ಬರೆಯುವಾಗ ಸದ್ದು ಬಾಯಲ್ಲಿರಬೇಕು. ಸುಮ್ನೆ ಗೀಚಿದರೆ ಪ್ರಯೋಜನವಿಲ್ಲ. ಆಮೇಲೆ ಅಡಿಕೆ ಹಾಳೆಯ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆದುಕೊಡಿ. ಗೆರೆಯ ಮೇಲೆ ಹುಣಸೆ ಬೀಜವನ್ನೋ ಮಂಜೊಟ್ಟಿ ಮರದ ಕೆಂಪು ಬೀಜವನ್ನೋ ಮಗು ಜೋಡಿಸಲಿ. ಕೆಂಪಿಗೆ ಕಪ್ಪು ಚುಕ್ಕೆಯಿರುವ ಗುಲಗಂಜಿ ಮಾತ್ರ ಬೇಡ, ಅದು ವಿಷ. ಯಾವ ಬೀಜವಾದರೂ ಮೂಗಿಗೆ, ಬಾಯಿಗೆ ಹೋಗದಂತೆ ಪಕ್ಕದಲ್ಲೇ ಕುಳಿತಿರಿ. ತೀರ ಚಿಕ್ಕವರಿಗೆ ಅಕ್ಕಿ ತಟ್ಟೆಯೇ ಸಾಕು.

ಕೊನೆಗೆ ಕಾಗುಣಿತ. ಇಲ್ಲಿ ಜಾಸ್ತಿ ತಾಳ್ಮೆ ಬೇಕು. ಎಕಾರದ ಗುರುತನ್ನು ಮಲಯಾಳದಲ್ಲಿ ಅಕ್ಷರದ ಎಡಕ್ಕೆ ಬರೆಯುತ್ತಾರೆ, ಕನ್ನಡದಲ್ಲಿ ತಲೆಯ ಮೇಲೆ. ಎರಡೂ ಲಿಪಿ ಕಲಿಯುವ ಮಗುವಿಗೆ ಗೊಂದಲವಾಗುವುದು ಸಹಜ. ಹಳೆ ಕ್ಯಾಲೆಂಡರಿನ ರಟ್ಟಿನಲ್ಲಿ ತಲೆಕಟ್ಟು ಇಲ್ಲದ ಸಕಾರ ಬರೆಯಿರಿ. ತಲೆಕಟ್ಟು, ಇಳಿ, ಗುಡಿಸು, ಎತ್ವಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಚೂರುಗಳ ಮೇಲೆ ಬರೆಯಿರಿ. ಮಗು ಒಂದೊಂದನ್ನೇ ಸಕಾರದ ಮೇಲಿಟ್ಟು ಸ, ಸಾ, ಸಿ, ಸೆ ಎಂದು ಜೋರಾಗಿ ಹೇಳಲಿ. ಸಕಾರ ಸಲೀಸಾದ ಮೇಲೆ ರಟ್ಟು ಬದಲಿಸಿ ಗಕಾರ ಇಡಿ. ಪ್ಲಾಸ್ಟಿಕ್ ಚೂರುಗಳು ಅವೇ ಇರಲಿ.